ಅವ್ವನ ಸೀರೆ ಉಟ್ಟ ರಾಣಿ

ಇಳಕಲ್
೮ ಮಾರ್ಚ್ ೧೯೭೮

ಚಿ. ಸೌ. ರತ್ನಾಬಾಯಿಗೆ ನಿನ್ನ ಅಪ್ಪನ ತುಂಬು ಆಶೀರ್ವಾದ.

ನಿನ್ನ ಕಾಗದ ಸಂಕ್ರಾಂತಿಗೇ ಬಂತು. ಉತ್ತರ ತಡವಾಯಿತು, ಬೇಜಾರಾಗಬೇಡ. ಮಗ್ಗದ ಮೇಲೆ ಸೀರೆಯೊಂದು ಅರ್ಧಕ್ಕೆ ನಿಂತಿತ್ತು ಎನ್ನಬಹುದು. ಖರೆ ಹೇಳಬೇಕೆಂದರೆ, ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ.

“ಅವ್ವ ಹೋದ ಮ್ಯಾಲೆ ಬಯಲಾಟ ಸಾಕು ಮಾಡಪ್ಪಾ. ನೀ ಹೆಣ್ಣಿನ ವೇಷ ಹಾಕ್ತಿ ಅಂತ ಅತ್ತಿ ಮನ್ಯಾಗ ತಿಳಿದ್ರ ನಾ ತಲಿ ಎತ್ತಿ ತಿರಗಾಂಗಿಲ್ಲ” ಎಂದು ನೀನು ಬರೆದಿದ್ದೆ. ಇಲ್ಲವ್ವಾ, ಬಿಡುವುದಿಲ್ಲ. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುವವನು ಆಟದ ದಿನ ಸೀರೆ ಉಟ್ಟು ರಾಣಿಯಾದರೆ ಯಾರ ಗಂಟು ಹೋಯಿತು? ನಾನು ರಂಗಕ್ಕೆ ಬಂದರೆ ಹುನಗುಂದದಿಂದ ಐಹೊಳೆಯವರೆಗೆ ಹೆಂಗಸರೇ ಮೂಗಿನ ಮೇಲೆ ಬೆರಳಿಡುತ್ತಾರೆ.

ಆದರೆ ಈ ಸಲ ಒಂದು ಫಜೀತಿ ಆಯಿತು. ಇಷ್ಟು ವರ್ಷ ನನಗೆ ಸೀರೆ ಉಡಿಸುತ್ತಿದ್ದವಳು ನಿನ್ನ ಅವ್ವ. ಕೆಂಪು ಸೆರಗಿನ ತನ್ನ ಮದುವೆ ಸೀರೆಯನ್ನೇ ಉಡಿಸಿ, “ನನಗಿಂತ ನಿಮಗ ಚಂದ ಒಪ್ಪತೈತ್ರಿ” ಎಂದು ನಗುತ್ತಿದ್ದಳು. ಈಗ ನಾನೇ ನಿರಿಗೆ ಹಿಡಿಯಲು ಹೋದರೆ ಕೈಯೇ ಬರಲೊಲ್ಲದು. ಪಕ್ಕದ ಮನೆಯ ಜೈನಬಿ ಹಣಿಕಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯ ಅಮರಣ್ಣ, ಇಷ್ಟ ವರ್ಸ ರಾಣಿ ಆಗಿ ನಿರಗಿ ಹಿಡಿಯಾಕ ಬರೂದಿಲ್ಲ? ಧೋತರದ ಮ್ಯಾಲೇ ಸುತಗೋ, ಕಲಿಸ್ತೇನಿ.”

ಅಂಗಳದಲ್ಲೇ ನಿಲ್ಲಿಸಿ ಕಲಿಸಿದಳು. ಓಣಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತೆ.

ಹೋದ ವಾರ ಹುನಗುಂದದಲ್ಲಿ ಆಟ. ರಾಜನ ಪಾತ್ರದ ಗೋವಿಂದಪ್ಪ ಹೊಸ ಹೂಟ ಹೂಡಿದ್ದ. ರಾಣಿ ಪರದೆಯ ಹಿಂದಿನಿಂದ ಬರಬಾರದು, ಆಟ ನೋಡುವ ಹೆಂಗಸರ ನಡುವೆ ಕೂತಿದ್ದು ಎದ್ದು ಬರಬೇಕು. ತಲೆ ತುಂಬ ಸೆರಗು ಹೊದ್ದು ಕೂತೆ. ಪಕ್ಕದ ಮುದುಕಿ, “ಎಲಿ ಅಡಿಕಿ ತಗೋ ಯವ್ವಾ” ಎಂದು ಕೊಟ್ಟೇಬಿಟ್ಟಳು! ಎದ್ದು ನಿಂತು ಹಾಡು ಎತ್ತಿದೆ ನೋಡು, ಅವಳು ತೆರೆದ ಬಾಯಿ ಮುಚ್ಚಲಿಲ್ಲ.

ಯುಗಾದಿಯ ಮರುದಿನ ನಿಮ್ಮ ಬಾದಾಮಿಯಲ್ಲೇ ಆಟವಿದೆ. ಮುಗಿದ ಮೇಲೆ ಬಣ್ಣ ತೊಳೆದುಕೊಂಡು ನಿಮ್ಮ ಮನೆಗೆ ಊಟಕ್ಕೆ ಬರುತ್ತೇನೆ. ಮೈ ಕಡೆ ನಿಗಾ ಇರಲಿ. ಹೊಟ್ಟೆತುಂಬ ಉಣ್ಣು, ನಗುನಗುತ್ತ ನೂರು ವರ್ಷ ಬಾಳು.

ನಿನ್ನ ಅಪ್ಪ,
ಅಮರಪ್ಪ

ತಾ.ಕ.: ನಿಮ್ಮತ್ತೆಯ ತವರು ಹುನಗುಂದ ಎಂಬುದೇ ನನಗೆ ಮರೆತಿತ್ತು. ಆಟ ಮುಗಿದು ಹೆಂಗಸರ ನಡುವೆ ಹಾಯ್ದು ಹೋಗುವಾಗ ನಿಮ್ಮಿಬ್ಬರನ್ನು ಕಂಡೆ. “ಯಾರ ಇಂವಾ? ನಿಮ್ಮ ಇಳಕಲ್ಲಾಂವ ಅಂತಲ್ಲ, ನಿನಗ ಗುರ್ತೇನು?” ಎಂದು ಅವರು ಕೇಳಿದರು. ನೀನು ನನ್ನ ಮುಖವನ್ನೇ ನೋಡುತ್ತ, “ಯಾರೋ ಏನೋರಿ ಅತ್ತಿ” ಎಂದೆ. ಬೀಗತಿಗೆ ನನ್ನ ಗುರುತು ಸಿಗಲಿಲ್ಲವಲ್ಲ ಎಂದು ಹಿಗ್ಗಿದ್ದವನು ನಿನ್ನ ಮಾತು ಕೇಳಿ ಸೆರಗು ಮುಖಕ್ಕೆ ಎಳೆದುಕೊಂಡು ಬಿರಬಿರನೆ ನಡೆದುಬಿಟ್ಟೆ. ನನ್ನ ಮುಖಕ್ಕೆ ಬಣ್ಣವಿತ್ತು, ಬಿಡು. ಮೈಮೇಲಿದ್ದದ್ದು ನಿನ್ನ ಅವ್ವನ ಸೀರೆಯಲ್ಲವೇ ಮಗಳೇ? ಬಾದಾಮಿಗೂ ಅದನ್ನೇ ಉಟ್ಟು ಬರುತ್ತೇನೆ.