ನೀನು ಕೇಳಿ ಹೇಳುವಷ್ಟರಲ್ಲಿ

ಯತೀಶ,

ವಿಚ್ಛೇದನವಾದ ಮೇಲೂ ನಿನ್ನನ್ನು ‘ನೀವು’ ಎನ್ನುವ ದರ್ದು ನನಗಿಲ್ಲ. ಈ ಪತ್ರ ದುಬೈಗೆ ಬರುವುದೂ ಇಲ್ಲ.

ಇವತ್ತು ಬೆಳಿಗ್ಗೆ ಗುರುವಾಯನಕೆರೆಯ ನನ್ನ ಹೊಲಿಗೆ ಅಂಗಡಿಯಲ್ಲಿ ಹರಟುತ್ತ ಕುಳಿತಿದ್ದ ನಿನ್ನ ಅಮ್ಮನ ಬಾಯಿ ಒಂದು ಕಡೆಗೆ ವಾಲಿತು, ಮಾತು ನಿಂತಿತು. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕರೆದೊಯ್ದೆ. ಸ್ಕ್ಯಾನ್ ನೋಡಿದ ಡಾಕ್ಟರು, “ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕರಗಿಸುವ ಇಂಜೆಕ್ಷನ್ ಉಂಟು, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಕೆಲವರಿಗೆ ಅದರಿಂದಲೇ ರಕ್ತಸ್ರಾವ ಆಗುವುದುಂಟು. ಮನೆಯವರು ಒಪ್ಪಬೇಕು,” ಎಂದರು.

ಮನೆಯವನು ನೀನು. ಫೋನ್ ಮಾಡಿದೆ. “ರಿಸ್ಕ್ ಅಲ್ವಾ ಮಾರಾಯ್ತಿ? ಸ್ವಲ್ಪ ಕಾಯುವ. ಇಲ್ಲಿ ನಾಲ್ಕು ಜನರ ಹತ್ರ ಕೇಳಿ ಹೇಳ್ತೇನೆ,” ಎಂದೆ ನೀನು. ಮದುವೆ ಮುರಿಯುವಾಗಲೂ ನೀನು ಕೇಳಿದ್ದು ನಾಲ್ಕು ಜನರನ್ನೇ. ಮತ್ತೆ ನಿನ್ನ ಫೋನ್ ಬರಲಿಲ್ಲ.

“ನೀವು ಇವರಿಗೆ ಏನಾಗಬೇಕು?” ಎಂದು ಡಾಕ್ಟರು ಕೇಳಿದರು. “ಮಗಳು,” ಎಂದು ಸಹಿ ಹಾಕಿದೆ.

ಸಂಜೆ ಅತ್ತೆಗೆ ತೊದಲುತ್ತ ಮಾತು ಮರಳಿತು. ಮೊದಲು ಕೇಳಿದ್ದು ನಿನ್ನನ್ನೇ. “ಯತೀಶ ಬಂದನಾ?”

“ವಿಮಾನ ಹತ್ತಿದ್ದಾನೆ, ಅತ್ತೆ,” ಎಂದೆ. ನಿನ್ನಂಥವನಿಗಾಗಿ ಸುಳ್ಳು ಹೇಳುವ ಅಭ್ಯಾಸ ನನಗಿನ್ನೂ ಹೋಗಿಲ್ಲ.

ಮೋಹಿನಿ