ಕೂಗದೆ ಕರೆದದ್ದು

ಮಂಗಳವಾರ, ಹದಿನೆಂಟನೇ ತಾರೀಕು

ನನ್ನ ಮುದ್ದು ತಂಗಿಗೆ,

ನಿನ್ನ ಅಕ್ಕನ ಆಶೀರ್ವಾದ. ಮಂಡಿ ಒಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನೀವೆಲ್ಲ ಹೇಗಿದ್ದೀರಿ ಅಂತ ಕೇಳುವ ಮುಖ ನನಗಿಲ್ಲ. ನಿನ್ನ ಎರಡು ಕಾಗದ ಬಂದು ಕೂತಿವೆ, ಒಂದಕ್ಕೂ ಉತ್ತರ ಹಾಕಿಲ್ಲ. ತಪ್ಪು ನನ್ನದೇ. ‘ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ತಿಳಿಸು’ ಅಂತ ಎರಡನೆಯದರಲ್ಲಿ ಬರೆದಿದ್ದೀಯ. ಬದುಕಿದ್ದೇನೆ. ಫೋನ್ ಮಾಡಬಹುದಿತ್ತು ಅನ್ನಬೇಡ. ನಾನು ಫೋನಿನಲ್ಲಿ ಮಾತಾಡಿದರೆ ಜಗಳಕ್ಕೆ ಬಂದ ಹಾಗಿರುತ್ತದೆ ಅಂತ ಹೇಳಿದವಳು ನೀನೇ. ಕಾಗದದಲ್ಲಿ ನನ್ನ ದನಿ ಕೇಳಿಸುವುದಿಲ್ಲ, ಅದೇ ವಾಸಿ. ನಾಲ್ಕನೇ ಕ್ಲಾಸಿನ ಅಕ್ಷರ ಇದು, ನಿನ್ನ ಶಾಲೆಯ ಮಕ್ಕಳಿಗೆ ಎಳೆಯುವ ಹಾಗೆ ಕೆಂಪು ಗೀಟು ಎಳೆಯಬೇಡ.

ನಿಮ್ಮ ಯಜಮಾನರ ಕಣ್ಣಿನ ಪೊರೆ ತೆಗೆಸಿದ್ದು ಒಳ್ಳೆಯದಾಯಿತು. ಈಗ ನಿನ್ನ ಮುಖ ನಿಚ್ಚಳವಾಗಿ ಕಾಣುತ್ತಿರಬೇಕು. ಏನಂದರು ಅಂತ ಬರಿ.

ನಾನು ಇನ್ನೂ ಅದೇ ಆಸ್ಪತ್ರೆಯ ಬಾಗಿಲಲ್ಲಿದ್ದೇನೆ. ಅದೇ ಸ್ಟೂಲು, ಅದೇ ಖಾಕಿ ಕೋಟು, ಕೈಯಲ್ಲಿ ಅದೇ ಚೀಟಿಯ ಕಟ್ಟು. ಡಾಕ್ಟರ ಕೋಣೆಯ ಮುಂದೆ ನಿಂತು ಹೆಸರು ಕೂಗುವುದು, ಮೂರು ಸಲ ಕೂಗಿದರೂ ಏಳದವರ ಚೀಟಿ ತಳಕ್ಕೆ ಹಾಕುವುದು, ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಮುಚ್ಚುವಾಗ ಉಳಿದ ಚೀಟಿಗಳ ಮೇಲೆ ‘ಗೈರು’ ಅಂತ ಬರೆಯುವುದು. ಇಪ್ಪತ್ತಾರು ವರ್ಷದಲ್ಲಿ ನನ್ನ ದನಿಗೆ ಏಳದವರು ಕಿವುಡರು ಮಾತ್ರ. ಕಿವುಡರೂ ಒಬ್ಬಿಬ್ಬರು ಎದ್ದಿದ್ದಾರೆ ಅನ್ನುತ್ತಾನೆ ಔಷಧಿ ಕೊಡುವ ಕಂಪೌಂಡರ್. ಅವನ ಬಾಯಿಗೆ ಬೀಗ ಇಲ್ಲ.

ಈ ಸಲ ಬರೆಯುವುದಕ್ಕೆ ಬೇಕಾದಷ್ಟಿದೆ. ಹೋದ ವರ್ಷ ಗಡಿ ದಾಟಿ ಒಂದಷ್ಟು ಜನ ಬಂದರಲ್ಲ, ಅವರಲ್ಲಿ ನಲವತ್ತು ಸಂಸಾರವನ್ನು ರೈಲು ಹಳಿಯ ಆಚೆಯ ಹಳೇ ಗೋದಾಮಿನಲ್ಲಿ ಇಟ್ಟಿದ್ದಾರೆ. ಕಾಯಿಲೆ ಬಿದ್ದರೆ ನಮ್ಮಲ್ಲಿಗೇ ಬರಬೇಕು. ಅವರು ಬರುವ ಮುಂಚೆ ಮೇಲಿನ ಆಫೀಸಿನಿಂದ ಇಬ್ಬರು ಬಂದು ನಮಗೆಲ್ಲ ಅರ್ಧ ದಿನ ಪಾಠ ಮಾಡಿದರು. ಅವರ ರೀತಿನೀತಿ ತಿಳಿದು ನಡೆದುಕೊಳ್ಳಬೇಕು, ಹೆಂಗಸರನ್ನು ಹೆಂಗಸರೇ ನೋಡಬೇಕು, ಕೇಳದೆ ಮೈ ಮುಟ್ಟಬಾರದು, ನಗಬಾರದು. ಎಲ್ಲ ಸರಿಯೇ. ಆದರೆ ಒಬ್ಬರೂ ಬಾಗಿಲಿನ ವಿಷಯ ಹೇಳಲಿಲ್ಲ. ಬಾಗಿಲಲ್ಲಿ ಕೂತವಳನ್ನು ಪಾಠ ಮಾಡುವವರು ಲೆಕ್ಕಕ್ಕೆ ಹಿಡಿಯುತ್ತಾರಾ?

ಗೋದಾಮಿನವರು ಬೆಳಿಗ್ಗೆಯೇ ಬಂದು ಕಿಟಕಿಯಲ್ಲಿ ಮೆಲ್ಲಗೆ ಹೆಸರು ಬರೆಸಿ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಕೂಗಿದರೆ ಒಬ್ಬರೂ ಏಳುತ್ತಿರಲಿಲ್ಲ. ಕೂಗಿದೆ, ಇನ್ನೂ ಜೋರಾಗಿ ಕೂಗಿದೆ. ನೆಲ ನೋಡಿಕೊಂಡು ಕೂತೇ ಇದ್ದರು. ನನ್ನ ಸಿಟ್ಟು ನಿನಗೆ ಗೊತ್ತು. "ಏನ್ರಮ್ಮಾ, ನಿಮ್ಮನ್ನ ಆರತಿ ಎತ್ತಿ ಕರೀಬೇಕಾ?" ಅಂದೆ. ಅದು ಅವರಿಗೆ ಅರ್ಥ ಆಗಲಿಲ್ಲ, ಪುಣ್ಯ.

ಅವರಲ್ಲಿ ಒಬ್ಬಳು ಬಸುರಿ, ಎಂಟನೇ ತಿಂಗಳು. ಪಾದ ಎಷ್ಟು ಊದಿತ್ತೆಂದರೆ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು. ಅತ್ತೆಯ ಜೊತೆ ಮೂರು ವಾರ ಬಂದಳು, ಮೂರು ವಾರವೂ ಹೆಸರು ಕೂಗಿದಾಗ ಏಳಲಿಲ್ಲ. ಕೂಗಿದಾಗೆಲ್ಲ ಆ ಮುದುಕಿ ಸೊಸೆಯ ತೊಡೆಯ ಮೇಲೆ ಕೈ ಇಟ್ಟು ಅದುಮಿ ಹಿಡಿಯುತ್ತಿದ್ದಳು. ನಾನು ಕಣ್ಣಾರೆ ಕಂಡೆ. ಹಟಮಾರಿ ಮುದುಕಿ, ಸೊಸೆಯ ಮೇಲೆ ದರ್ಬಾರು ನಡೆಸುತ್ತಿದ್ದಾಳೆ ಅಂದುಕೊಂಡೆ. ಮೂರು ವಾರವೂ ಒಂದು ಗಂಟೆಗೆ ‘ಗೈರು’ ಬರೆದು ಬಾಗಿಲು ಹಾಕಿದೆ. ನಾಲ್ಕನೇ ವಾರ ಅವರು ಬರಲೇ ಇಲ್ಲ.

ನಮ್ಮ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಣ್ಣ ದನಿ. ತಿಂಗಳ ಕೊನೆಗೆ ಚೀಟಿ ನೋಡುತ್ತಾ ನನ್ನನ್ನು ಕರೆದರು.

"ಅಮ್ಮಾ, ಗೋದಾಮಿನವರದ್ದು ಹದಿನಾಲ್ಕು ಗೈರು ಇದೆಯಲ್ಲ. ಅವರು ಬಂದೇ ಇಲ್ವಾ?"

"ಬರ್ತಾರೆ. ಬಂದು ಕೂತಿರ್ತಾರೆ."

"ಬಂದು ಕೂತೋರು ಗೈರು ಹೇಗಾಗ್ತಾರೆ?"

ನನಗೆ ರೇಗಿತು. "ಕೊಬ್ಬು ಅವರಿಗೆ. ಕರೆದರೆ ಏಳಲ್ಲ. ನಾನೇನು ಕಂಕುಳಿಗೆ ಕೈ ಹಾಕಿ ಎಬ್ಬಿಸಲಾ?" ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ. "ಸಂಜೆ ಕೆಲಸ ಮುಗಿದ ಮೇಲೆ ನನ್ನ ಜೊತೆ ಬನ್ನಿ, ಹೋಗಿ ಬರೋಣ" ಅಂದರು ಅಷ್ಟೆ.

ಹೋದೆವು. ಗೋದಾಮಿನೊಳಗೆ ಹಗ್ಗ ಕಟ್ಟಿ, ಬಟ್ಟೆ ಇಳಿಬಿಟ್ಟು, ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ ಮಾಡಿಕೊಂಡಿದ್ದಾರೆ. ನಮ್ಮ ಮನೆಗಿಂತ ಚೊಕ್ಕಟ, ಸುಳ್ಳು ಯಾಕೆ ಹೇಳಲಿ. ನನ್ನ ಕೋಟು ಕಂಡ ಕೂಡಲೇ ಎರಡು ಮಕ್ಕಳು ಬಟ್ಟೆಯ ಹಿಂದಕ್ಕೆ ಓಡಿದವು. ನಮ್ಮ ಮಾತು ಬಲ್ಲ ಹೊಲಿಗೆಯವಳು ಒಬ್ಬಳಿದ್ದಾಳೆ, ಅವಳೇ ನಮ್ಮನ್ನು ಆ ಅತ್ತೆ ಸೊಸೆಯ ಹತ್ತಿರ ಕೂರಿಸಿದಳು. ಡಾಕ್ಟರಮ್ಮ ಸೊಸೆಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಇನ್ನೊಂದು ಸಲ ನೋಡಿದರು. ಅವರ ಮುಖ ಸಣ್ಣಗಾಯಿತು. ಬಿಪಿ ತುಂಬ ಏರಿದೆ, ಹೀಗೇ ಬಿಟ್ಟರೆ ತಾಯಿಗೂ ಕಷ್ಟ ಮಗುವಿಗೂ ಕಷ್ಟ, ಎರಡು ದಿನಕ್ಕೊಮ್ಮೆ ಆಸ್ಪತ್ರೆಗೆ ಬರಲೇಬೇಕು ಅಂದರು. ಮುದುಕಿ ಆಗುವುದಿಲ್ಲ ಅಂತ ತಲೆ ಅಲ್ಲಾಡಿಸಿದಳು.

"ಯಾಕಂತೆ?" ಅಂತ ಹೊಲಿಗೆಯವಳನ್ನು ನಾನೇ ಕೇಳಿದೆ.

ಅವಳು ನನ್ನ ಮುಖ ನೋಡಿ, "ನೀವು ಹೆಸರು ಕೂಗ್ತೀರಲ್ಲ ಅದಕ್ಕೆ" ಅಂದಳು.

ಆಮೇಲೆ ಮುದುಕಿ ಹೇಳಿದ್ದನ್ನು ಒಂದೊಂದೇ ಮಾತಾಗಿ ನಮಗೆ ದಾಟಿಸಿದಳು. ಅವರ ಊರಿನಲ್ಲಿ ಎಲ್ಲರನ್ನೂ ಶಾಲೆಯ ಮೈದಾನಕ್ಕೆ ಕರೆಸಿ ಕೂರಿಸಿದರಂತೆ. ಶಾಲೆಯ ಬಾಗಿಲಲ್ಲಿ ಖಾಕಿ ಹಾಕಿಕೊಂಡ ಒಬ್ಬ ನಿಂತು, ಕೈಯಲ್ಲಿ ಹಾಳೆ ಹಿಡಿದು ಹೆಸರು ಕೂಗಿದನಂತೆ. ಎದ್ದವರನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅವರಲ್ಲಿ ಒಬ್ಬರೂ ಮತ್ತೆ ಮುಂದಕ್ಕೆ ಬರಲಿಲ್ಲ. ಏಳದೆ ಕೂತವರು ಉಳಿದುಕೊಂಡರು. ಕೂಗುವವನಿಗೆ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮುದುಕಿಯ ದೊಡ್ಡ ಮಗ ಮೊದಲನೇ ಕೂಗಿಗೇ ಎದ್ದನಂತೆ.

"ಹಿರಿಯರು ಕರೆದರೆ ತಕ್ಷಣ ಓಗೊಡಬೇಕು ಅಂತ ನಾನೇ ಕಲಿಸಿದ್ದೆ" ಅಂದಳಂತೆ ಮುದುಕಿ. ಇದನ್ನು ದಾಟಿಸುವಾಗ ಹೊಲಿಗೆಯವಳು ಸೂಜಿ ಎಲ್ಲಿಟ್ಟೆ ಅಂತ ಹುಡುಕುವವಳ ಹಾಗೆ ನೆಲ ತಡಕಿದಳು.

ಆ ಮಗನ ತಮ್ಮನೇ ಈ ಬಸುರಿಯ ಗಂಡ, ಈಗ ಗಾರೆ ಕೆಲಸಕ್ಕೆ ಹೋಗುತ್ತಾನೆ. ಅವನು ಉಳಿದದ್ದು ಈ ಮುದುಕಿ ತೊಡೆ ಅದುಮಿ ಕೂರಿಸಿದ್ದರಿಂದ.

ನಾನು ಯಾರ ಹತ್ತಿರವೂ ತಪ್ಪಾಯಿತು ಅಂದವಳಲ್ಲ, ಅಪ್ಪನ ಹತ್ತಿರವೂ ಅಂದಿಲ್ಲ. ಅವತ್ತೂ ನಾಲಗೆ ಹೊರಳಲಿಲ್ಲ. ಎದ್ದು ಕೋಟು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿದೆ. "ಬಾಗಿಲಲ್ಲಿ ಇರೋಳು ನಾನೇ. ಇನ್ನು ಮೇಲೆ ಕೂಗಲ್ಲ. ಹೇಳು ಅವರಿಗೆ" ಅಂದೆ. ಹೊಲಿಗೆಯವಳು ಹೇಳಿದಳು. ಮುದುಕಿ ತುಂಬ ಹೊತ್ತು ನನ್ನನ್ನೇ ನೋಡಿದಳು. ಸಂತೆಯಲ್ಲಿ ಹಸು ನೋಡುತ್ತಾರಲ್ಲ, ಹಾಗೆ.

ಹೇಳಿಬಿಟ್ಟೆ, ಆದರೆ ಕೂಗದೆ ಕರೆಯುವುದು ಹೇಗೆ? ಕಂಪೌಂಡರ್ ನಂಬರು ಕೊಟ್ಟುಬಿಡಿ ಅಂದ. ಹೊಲಿಗೆಯವಳನ್ನು ಕೇಳಿದರೆ, ದಾರಿಯಲ್ಲಿ ಅವರನ್ನು ಕೂಡಿಹಾಕಿದ್ದ ಕಡೆ ನಂಬರು ಕೊಟ್ಟೇ ಕರೆಯುತ್ತಿದ್ದರಂತೆ. ಕೊನೆಗೆ ನನಗೇ ಹೊಳೆಯಿತು. ಈಗ ಬಂದವರು ಬಂದ ಹಾಗೆ ಬೆಂಚಿನ ಮೇಲೆ ಕೂರುತ್ತಾರೆ. ಬಾಗಿಲ ಕಡೆಯ ತುದಿಯವರು ಒಳಗೆ ಹೋದರೆ ಮಿಕ್ಕವರು ಒಂದೊಂದು ಜಾಗ ಸರಿಯುತ್ತಾರೆ. ನಾನು ಹತ್ತಿರ ಹೋಗಿ ಬಗ್ಗಿ, ಬನ್ನಿ ಅನ್ನುತ್ತೇನೆ. ಹೆಸರು, ಊರು ಎಲ್ಲ ಬಾಗಿಲು ಮುಚ್ಚಿದ ಮೇಲೆ ಡಾಕ್ಟರಮ್ಮನೇ ಕೇಳಿ ಚೀಟಿ ತಾಳೆ ನೋಡುತ್ತಾರೆ. ಕೋಟು ಮೊಳೆಗೆ ನೇತುಬಿದ್ದಿದೆ. ಆಫೀಸಿನ ದೊಡ್ಡವರು ಬಂದು ಕೋಟೆಲ್ಲಿ ಅಂದರು. ಒಗೆಯೋಕೆ ಹಾಕಿದ್ದೇನೆ ಅಂದೆ. ಎರಡು ತಿಂಗಳಿಂದ ಒಗೆಯುತ್ತಲೇ ಇದ್ದೇನೆ.

ಮೊದಲ ದಿನ ನನ್ನ ಮೆಲುದನಿ ಕೇಳಿ ಕಂಪೌಂಡರ್ ಓಡಿ ಬಂದ. "ಅಕ್ಕಾ, ಗಂಟಲಿಗೆ ಏನಾಯ್ತು? ಮಾತ್ರೆ ಕೊಡ್ಲಾ?" ಅಂದ. ನಿನ್ನ ನಾಲಗೆಗೆ ಏನಾದರೂ ಮಾತ್ರೆ ಇದ್ದರೆ ಮೊದಲು ನೀನು ನುಂಗು ಅಂದೆ. ಪಿಂಚಣಿ ಮೇಷ್ಟ್ರು ಒಬ್ಬರು ಬರುತ್ತಾರೆ, ಶುಗರ್ ಇದೆ, ಅವರಿಗೆ ಭಾರೀ ಬೇಜಾರು. "ಇಷ್ಟು ವರ್ಷ ನನ್ನ ಹೆಸರು ಮರ್ಯಾದೆಯಾಗಿ ಕೂಗ್ತಿದ್ರಿ, ನಾಲ್ಕು ಜನಕ್ಕೆ ಗೊತ್ತಾಗ್ತಿತ್ತು" ಅಂದರು. ಅದಕ್ಕೆ ಅವರು ಹೊರಗೆ ಹೋಗುವಾಗ ಗೇಟಿನವರೆಗೂ ಹೋಗಿ, "ಮೇಷ್ಟ್ರೇ, ಹುಷಾರು" ಅಂತ ಕೂಗಿ ಬರುತ್ತೇನೆ. ನನಗೂ ಗಂಟಲು ಸಡಿಲವಾಗುತ್ತದೆ.

ಅತ್ತೆ ಸೊಸೆ ಎರಡು ದಿನಕ್ಕೊಮ್ಮೆ ಬಂದರು. ಮೊದಲ ಸಲ ನಾನು ಬಗ್ಗಿದಾಗ ಮುದುಕಿಯ ಕೈ ಸೊಸೆಯ ತೊಡೆಯ ಮೇಲೇ ಇತ್ತು. ನಾನು ಬಗ್ಗಿಕೊಂಡೇ ನಿಂತೆ. ಮಂಡಿ ನೋಯುತ್ತಿತ್ತು, ಆದರೂ ನಿಂತೆ. ಅವಳೇ ಕೈ ತೆಗೆದಳು.

ಮೂರು ವಾರ ಹೀಗೆ ನಡೆಯಿತು. ಒಂದು ಗುರುವಾರ ಬೆಳಿಗ್ಗೆ ಆ ಹುಡುಗಿ ಗೋಡೆ ಹಿಡಿದುಕೊಂಡು ಬಂದಳು. ಬೆಂಚು ತುಂಬಿತ್ತು, ಅವಳಿಗಿಂತ ಮುಂದೆ ಹನ್ನೊಂದು ಜನ. ಬಗ್ಗಿ ನೋಡಿದರೆ ಕಣ್ಣು ನನ್ನ ಮೇಲಿಲ್ಲ, ನನ್ನ ಹಿಂದೆ ಎಲ್ಲೋ ನೆಟ್ಟಿದೆ. ಸೊಸೆಗೆ ತಲೆನೋವು, ಕಣ್ಣು ಮಂಜು ಅಂತ ಮುದುಕಿ ತನ್ನ ಹಣೆ ಮುಟ್ಟಿ, ಕಣ್ಣು ಮುಟ್ಟಿ ತೋರಿಸಿದಳು. ನಾನು ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲು ನೂಕಿ ಸೀದಾ ಒಳಗೆ ಕರೆದುಕೊಂಡು ಹೋದೆ.

"ಏನಮ್ಮಾ ಇದು? ಸರದಿ ಅಂದ್ರೆ ಸರದಿ ಅಂತ ನಮ್ಮನ್ನೆಲ್ಲ ಬೈತಿದ್ದೋರು ನೀವೇ ಅಲ್ವಾ?" ಅಂದರು ಮೇಷ್ಟ್ರು.

"ಅಂದಿದ್ದೆ. ಈಗ ಅನ್ನಲ್ಲ. ಕೂತ್ಕೊಳ್ಳಿ" ಅಂದೆ.

ಇನ್ನರ್ಧ ಗಂಟೆ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು ಅಂತ ಡಾಕ್ಟರಮ್ಮ ಆಮೇಲೆ ಹೇಳಿದರು. ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ತಾವೇ ಕರೆದುಕೊಂಡು ಹೋದರು. ಅಲ್ಲಿಯ ಬಾಗಿಲಲ್ಲಿ ಯಾರಾದರೂ ಹೆಸರು ಕೂಗಿಯಾರು ಅಂತ ಹೊಲಿಗೆಯವಳನ್ನೂ ಕೂರಿಸಿ ಕಳಿಸಿದೆ. ಮಧ್ಯಾಹ್ನ ಮೂರಕ್ಕೆ ಹೆಣ್ಣು ಮಗು, ಎರಡು ಕೆಜಿ. ಸಣ್ಣದು, ಆದರೆ ಕಿರುಚುವುದರಲ್ಲಿ ನನ್ನನ್ನು ಮೀರಿಸುತ್ತದಂತೆ. ತಾಯಿಯೂ ಚೆನ್ನಾಗಿದ್ದಾಳೆ.

ಮೊನ್ನೆ ಮುದುಕಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಬೆಂಚಿನಲ್ಲಿ ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಯ ಹತ್ತಿರ ಬಾಯಿ ತಂದು ಮಗುವಿನ ಹೆಸರು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಕೋಪ ಮಾಡಿಕೊಳ್ಳಬೇಡ. ಗೋದಾಮಿನವರದ್ದು ಈ ತಿಂಗಳು ಗೈರು ಒಂದೂ ಇಲ್ಲ. ನನಗೆ ಖುಷಿಯಾಗಿದೆ ಕಣೇ. ಈ ವಯಸ್ಸಿನಲ್ಲಿ ಹೊಸದಾಗಿ ಒಂದು ಕೆಲಸ ಕಲಿತ ಹಾಗಿದೆ.

ಮೈ ಕಡೆ ಗಮನ ಇರಲಿ. ನಿನ್ನ ಮನೆಯಲ್ಲಿ ನಗು ತುಂಬಿರಲಿ, ನಿಮ್ಮ ಯಜಮಾನರು ಹೊಸ ಕಣ್ಣಿನಲ್ಲಿ ನಿನ್ನನ್ನು ನೂರು ವರ್ಷ ನೋಡಲಿ. ನನ್ನ ಆಯುಷ್ಯದಲ್ಲಿ ಉಳಿದಿದ್ದರೆ ನಿನಗೂ ಸ್ವಲ್ಪ ಸೇರಲಿ.

ನಿನ್ನ ಸಿಡುಕಿ,
ಅಕ್ಕ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಆ ಗುರುವಾರ ಹುಡುಗಿಯನ್ನು ಒಳಗೆ ಬಿಟ್ಟು ಹೊರಗೆ ಬಂದೆ. ಬೆಂಚಿನಲ್ಲಿ ನೀನು ಕೂತ ಹಾಗೆ ಕಂಡಿತು. ಇಪ್ಪತ್ತೆರಡು ವರ್ಷದ ಹಿಂದೆ ಐದು ತಿಂಗಳ ಹೊಟ್ಟೆ ಹಿಡಿದುಕೊಂಡು ಇದೇ ಬಾಗಿಲಿಗೆ ಬಂದೆಯಲ್ಲ, ಅವತ್ತು. ಸ್ವಂತ ತಂಗಿಯನ್ನು ಮುಂದೆ ಬಿಟ್ಟಳು ಅಂತ ಯಾರೂ ಆಡಿಕೊಳ್ಳಬಾರದು ಅಂತ ನಿನ್ನ ಚೀಟಿಯನ್ನು ಅದರ ಜಾಗದಲ್ಲೇ ಇಟ್ಟೆ. ನಿನ್ನ ಮುಂದೆ ಹದಿನೆಂಟು ಜನ ಇದ್ದರು. ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ನೋಡಿಯೂ ಮುಂದಿನ ಹೆಸರು ಕೂಗಿದೆ. ನಿನ್ನ ಸರದಿ ಬಂದಾಗ ಬೆಂಚು ಒದ್ದೆಯಾಗಿತ್ತು. ಬೇಗ ಬಿಟ್ಟಿದ್ದರೆ ಮಗು ಉಳಿಯುತ್ತಿತ್ತಾ ಅಂತ ಆಗಿನ ಡಾಕ್ಟರನ್ನು ನಾನು ಕೇಳಲಿಲ್ಲ. ಹೆದರಿಕೆ. ಆಮೇಲೆ ನಿನಗೆ ಮಕ್ಕಳಾಗಲಿಲ್ಲ, ನೀನು ಒಂದು ಮಾತೂ ಎತ್ತಲಿಲ್ಲ. ತಪ್ಪಾಯಿತು ಕಣೇ. ಕೋಪ ಇದ್ದರೆ ಎಷ್ಟಿದೆಯೋ ಅಷ್ಟೂ ಬರಿ. ಇಲ್ಲ ಅಂತ ಮಾತ್ರ ಬರೆಯಬೇಡ, ನಾನು ನಂಬುವುದಿಲ್ಲ.