ಇಪ್ಪತ್ತೆರಡು ನಿಮಿಷ ಆಡದೆ ಮುಂದಿನ ಸುತ್ತಿಗೆ ಹೋದ ತಂಡದ ತರಬೇತುದಾರರಿಗೆ

ರಾಷ್ಟ್ರೀಯ ಫುಟ್‌ಬಾಲ್ ತಂಡದ ಮಾನ್ಯ ಮುಖ್ಯ ತರಬೇತುದಾರರೇ,

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಅದನ್ನು ಸ್ವೀಕರಿಸುವ ಮನಸ್ಸು ತಮಗೆ ಉಳಿಯಲಿಕ್ಕಿಲ್ಲ. ನಮ್ಮ ತಂಡ ಎರಡನೆಯ ಸುತ್ತಿಗೆ ಹೋಗಿದೆ. ನನ್ನ ದೂರು ಅದರ ಬಗ್ಗೆಯೇ.

ಕಳೆದ ಗುರುವಾರದ ಪಂದ್ಯದಲ್ಲಿ ಅರವತ್ತೆಂಟನೆಯ ನಿಮಿಷದಿಂದ ಕೊನೆಯ ಸೀಟಿಯವರೆಗೆ ತಮ್ಮ ಹುಡುಗರು ಏನು ಮಾಡುತ್ತಿದ್ದರು? ಗೋಲ್‌ಕೀಪರ್ ಚೆಂಡನ್ನು ಡಿಫೆಂಡರನಿಗೆ ಕೊಟ್ಟ, ಅವನು ಪಕ್ಕದವನಿಗೆ ಕೊಟ್ಟ, ಪಕ್ಕದವನು ಮತ್ತೆ ಗೋಲ್‌ಕೀಪರನಿಗೇ ಕೊಟ್ಟ. ಎದುರಾಳಿಗಳೋ, ನಡುಗೆರೆಯ ಆಚೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ವಿವರಣೆ ಕೊಡುವವರಿಗೆ ಹೇಳಲು ಏನೂ ಉಳಿಯದೆ, ಮೈದಾನದ ಹುಲ್ಲನ್ನು ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ ಎಂದು ಹೊಗಳತೊಡಗಿದರು. ಪಂದ್ಯ ಡ್ರಾ ಆದರೆ ಎರಡೂ ತಂಡ ಮುಂದಕ್ಕೆ. ಯಾರಾದರೂ ಒಬ್ಬರು ಸೋತಿದ್ದರೆ, ಸೋತವರ ಬದಲು ಗುಂಪಿನ ಮೂರನೆಯ ತಂಡ ಒಳಗೆ ಬರುತ್ತಿತ್ತು. ಆ ಮೂರನೆಯವರು ಅದೇ ಹೊತ್ತಿಗೆ ಇನ್ನೊಂದು ಮೈದಾನದಲ್ಲಿ ಬೆವರು ಸುರಿಸಿ, ಒಂದು ಗೋಲಿನಿಂದ ಗೆದ್ದು, ನಮ್ಮ ಪಂದ್ಯ ಮುಗಿಯಲೆಂದು ಕಾಯುತ್ತಿದ್ದರು. ಆಮೇಲೆ ತಾವು ಪತ್ರಕರ್ತರ ಮುಂದೆ ‘ಪರಿಸ್ಥಿತಿಯನ್ನು ಸಮರ್ಥವಾಗಿ ನಿಭಾಯಿಸಿದೆವು’ ಎಂದಿರಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಂಥ ಸಾಮರ್ಥ್ಯ!

ನಾನು ಎಲ್ಲ ತಂಡಗಳ ಬಗ್ಗೆಯೂ ಅಭಿಪ್ರಾಯವಿರುವ ಮನುಷ್ಯ. ಯಾರೂ ಕೇಳಿಲ್ಲ ಎಂಬುದು ಬೇರೆ ಮಾತು. ಬ್ರೆಜಿಲ್‌ನವರು ಹಳದಿ ಅಂಗಿ ತೊಟ್ಟ ಕೂಡಲೇ ತಾತಂದಿರ ಕೀರ್ತಿಯೆಲ್ಲ ಅವರ ಹೆಗಲೇರಿ ಕೂರುತ್ತದೆ, ಪಾಪ. ಜರ್ಮನಿಯವರು ಸೋಲುವಾಗಲೂ ಸಮಯಕ್ಕೆ ಸರಿಯಾಗಿ ಸೋಲುತ್ತಾರೆ. ಇಟಲಿಯವರಿಗೆ ಒಂದು ಗೋಲು ಬಿಟ್ಟುಕೊಡುವುದೆಂದರೆ ಪಿತ್ರಾರ್ಜಿತ ಆಸ್ತಿ ಬರೆದುಕೊಟ್ಟಷ್ಟು ಸಂಕಟ. ಹಾಲೆಂಡಿನವರು ಮನೆಯನ್ನೆಲ್ಲ ಚೆಂದವಾಗಿ ಕಟ್ಟಿ ಬಾಗಿಲಿಡುವುದನ್ನು ಮರೆಯುತ್ತಾರೆ. ಇಂಗ್ಲೆಂಡಿನವರು ಪ್ರತಿ ಸಲವೂ ‘ಈ ಸಲ’ ಎನ್ನುತ್ತಾರೆ. ನಮ್ಮವರ ಬಗ್ಗೆ ಕೇಳಿದರೆ ಎದೆ ತಟ್ಟಿ ಹೇಳುತ್ತಿದ್ದೆ: ಆಟ ಅಷ್ಟಕ್ಕಷ್ಟೇ, ಆದರೆ ಮೋಸವಿಲ್ಲ. ಮೂವತ್ತು ವರ್ಷ ಸೋಲು ನೋಡಿದವನಿಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದನ್ನೂ ಇಪ್ಪತ್ತೆರಡು ನಿಮಿಷದಲ್ಲಿ ಕಿತ್ತುಕೊಂಡಿರಿ.

ಈ ಮಾತುಗಳನ್ನು ಆರು ವರ್ಷದಿಂದ ಒಬ್ಬನೇ ಒಬ್ಬ ತಾಳ್ಮೆಯಿಂದ ಕೇಳಿದ್ದಾನೆ. ನಾನು ಗಾಜಿನಂಗಡಿಯಲ್ಲಿ ಕೆಲಸ ಮಾಡುವವನು. ಅಂಗಡಿ ಮುಂಗಟ್ಟಿನ, ಕಿಟಕಿಯ ದೊಡ್ಡ ಗಾಜುಗಳನ್ನು ಹೊತ್ತೊಯ್ದು ಕೂರಿಸುತ್ತೇನೆ. ಇದು ಇಬ್ಬರ ಕೆಲಸ. ಮುಂದಿನವನು ಗಾಜಿಗೆ ಮುಖ ಮಾಡಿ ಹಿಮ್ಮುಖವಾಗಿ ನಡೆಯಬೇಕು. ಅವನಿಗೆ ದಾರಿ ಕಾಣುವುದಿಲ್ಲ. ಹಿಂದಿನವನೇ ಅವನ ಕಣ್ಣು. ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ: ಗಾಜು ಕೈಯಲ್ಲಿರುವಷ್ಟು ಹೊತ್ತೂ ಹಿಂದಿನವನು ಮಾತು ನಿಲ್ಲಿಸಬಾರದು. ಮಾತು ನಿಂತರೆ ಏನೋ ಎಡವಟ್ಟಾಗಿದೆ ಎಂದರ್ಥ. ಬರೀ ‘ಮೆಟ್ಟಿಲು, ತಿರುವು’ ಎನ್ನುತ್ತ ಎಷ್ಟು ಹೊತ್ತು ಮಾತಾಡಲು ಸಾಧ್ಯ? ನಡುವೆ ನಾನು ಫುಟ್‌ಬಾಲ್ ತುಂಬುತ್ತಿದ್ದೆ. ‘ಮೂರು ಮೆಟ್ಟಿಲಿದೆ, ಇಟಲಿಗೆ ಈಗ ಮುಂದೆ ಆಡೋರೇ ಇಲ್ಲ ಕಣೋ, ಎಡಕ್ಕೆ ತಿರುಗು.’

ಹಿಮ್ಮುಖ ನಡೆಯುವವನು ನನಗಿಂತ ಹತ್ತು ವರ್ಷ ಚಿಕ್ಕವನು, ಬೇರೆ ದೇಶದಿಂದ ದುಡಿಯಲು ಬಂದವನು. ‘ಮೆಲ್ಲಗೆ ಅಣ್ಣ, ಮೆಲ್ಲಗೆ’ ಎನ್ನುವುದೇ ಅವನ ಅಭ್ಯಾಸವಾದ್ದರಿಂದ ಅಂಗಡಿಯಲ್ಲಿ ಅವನು ಮೆಲ್ಲಗಪ್ಪ. ಅವನ ದೇಶ ಎಷ್ಟು ಚಿಕ್ಕದೆಂದರೆ, ಭೂಪಟದಲ್ಲಿ ಅದರ ಹೆಸರು ನೆಲದ ಮೇಲೆ ಹಿಡಿಸದೆ ಪಕ್ಕದ ಸಮುದ್ರದಲ್ಲಿ ಬರೆದಿರುತ್ತಾರೆ. ಮೊದಲ ಸಲ ಈ ಪಂದ್ಯಾವಳಿಗೆ ಬಂದ ಆ ಮೂರನೆಯ ತಂಡ ಅವನದು ಎಂಬುದನ್ನು ತಾವು ಇಷ್ಟರಲ್ಲಿ ಊಹಿಸಿರುತ್ತೀರಿ.

ಆ ಮಧ್ಯಾಹ್ನ ಯಜಮಾನರು ಕೆಲಸ ನಿಲ್ಲಿಸಿ ಅಂಗಡಿಯಲ್ಲೇ ಟಿವಿ ಹಾಕಿಸಿದ್ದರು. ಮೆಲ್ಲಗಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ತನ್ನ ತಂಡ ಗೆದ್ದದ್ದು ಫೋನಿನಲ್ಲಿ ಗೊತ್ತಾದಾಗ ನನ್ನ ಕೈ ಹಿಡಿದುಕೊಂಡ.

“ಅಣ್ಣ, ನಿಮ್ಮೋರು ಯಾಕೆ ಮುಂದೆ ಹೋಗ್ತಿಲ್ಲ?”

“ಸುಸ್ತಾಗಿರ್ಬೇಕು ಕಣೋ.”

ಅವನು ಟಿವಿಯ ಕಡೆ ಬೆರಳು ತೋರಿಸಿದ. “ಇಪ್ಪತ್ತೆರಡು ಜನಕ್ಕೂ ಒಟ್ಟಿಗೇ ಸುಸ್ತಾಯ್ತಾ?”

ಇದಕ್ಕೆ ತಮ್ಮ ಬಳಿ ಉತ್ತರವಿದೆಯೇ? ಆದರೆ ಇಲ್ಲಿ ಒಂದು ವಿಷಯ ಮುಚ್ಚಿಟ್ಟರೆ ನಾನೂ ತಮ್ಮ ಸಾಲಿಗೇ ಸೇರುತ್ತೇನೆ. ಕೊನೆಯ ಸೀಟಿ ಊದಿದಾಗ ನಾನು ಕುರ್ಚಿ ಹತ್ತಿ ಕುಣಿದೆ. “ಹೋದ್ವಿ! ಒಳಗೆ ಹೋದ್ವಿ!” ಎಂದು ಕೂಗಿದೆ. ಮೂವತ್ತು ವರ್ಷದ ಹಸಿವು ಸ್ವಾಮೀ, ಕಾಲು ತಾನಾಗಿಯೇ ಎದ್ದಿತು. ಇಳಿದು ನೋಡಿದರೆ ಮೆಲ್ಲಗಪ್ಪ ನಿಂತಿದ್ದ. “ಒಳ್ಳೇದಾಯ್ತು ಅಣ್ಣ” ಎಂದು ಕೈ ಕುಲುಕಿದ. ಆಮೇಲೆ ಒಳಗೆ ಹೋಗಿ, ಬೆಳಗ್ಗೆಯೇ ಒರೆಸಿಟ್ಟಿದ್ದ ಗಾಜನ್ನು ಮತ್ತೆ ಒರೆಸತೊಡಗಿದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಒಂದು ದವಾಖಾನೆಯ ಎರಡನೆಯ ಮಹಡಿಗೆ ಗಾಜು ಏರಿಸಬೇಕಿತ್ತು. ಎಂದಿನಂತೆ ಅವನು ಹಿಮ್ಮುಖ, ನಾನು ಹಿಂದೆ. ಗಾಜಿನ ಆ ಬದಿಯಲ್ಲಿ ಒಂದು ಮೊಳ ದೂರಕ್ಕೆ ಅವನ ಮುಖ. ಮಾತಾಡೋಣವೆಂದರೆ ಬಾಯಿಗೆ ಬರುವುದೆಲ್ಲ ಫುಟ್‌ಬಾಲ್. ಯಾವ ಬಾಯಲ್ಲಿ ಆಡಲಿ? ನಾಚಿಕೆಯಿಂದ ಬಾಯಿ ಕಟ್ಟಿತು. ತಿರುವಿನ ನಂತರ ಇನ್ನೂ ಒಂದು ಮೆಟ್ಟಿಲಿತ್ತು. ಅದನ್ನು ನಾನು ಕಂಡೆ, ಹೇಳಲಿಲ್ಲ. ಅವನು ಎಡವಿ ಗೋಡೆಗೆ ಒರಗಿದ. ಗಾಜಿನ ಮೂಲೆ ಮುರಿದು ಅವನ ಕಾಲ ಬಳಿ ಬಿತ್ತು. ಪೆಟ್ಟಾಗಲಿಲ್ಲ.

“ತಪ್ಪಾಯ್ತು ಕಣೋ. ಇದಕ್ಕೂ, ನಿನ್ನೇದಕ್ಕೂ” ಎಂದೆ.

“ಅಣ್ಣ, ಕೈಯಲ್ಲಿ ಗಾಜಿದೆ. ಈಗ ಬೇಡ” ಎಂದ.

ಆ ‘ಈಗ’ ಮುಗಿದೇ ಇಲ್ಲ. ನಿನ್ನೆ ಯಜಮಾನರು ನನ್ನನ್ನು ಕರೆದು, ಸೋಮವಾರದಿಂದ ಮೆಲ್ಲಗಪ್ಪನಿಗೆ ಬೇರೆ ಜೊತೆಗಾರ ಎಂದರು. ಅವನೇ ಕೇಳಿಕೊಂಡನಂತೆ.

“ನನ್ ಮೇಲೆ ಅಷ್ಟೊಂದು ಸಿಟ್ಟಾ?”

“ಸಿಟ್ಟಿಲ್ಲಂತೆ. ಅಣ್ಣ ಒಳ್ಳೇರೇ, ಆದ್ರೆ ಹಿಂದ್ ಹಿಂದಕ್ಕೆ ಹೆಜ್ಜೆ ಇಡೋಕೆ ಭಯ ಆಗ್ತಿದೆ ಅಂದ.”

ಮಾನ್ಯರೇ, ತಾವು ಯಾವ ನಿಯಮವನ್ನೂ ಮುರಿದಿಲ್ಲ. ನಾನು ನಿಯಮದ ಪುಸ್ತಕ ತರಿಸಿ ಓದಿದೆ. ಚೆಂಡನ್ನು ಹಿಂದಕ್ಕೆ ಕೊಡಬಾರದೆಂದು ಅದರಲ್ಲಿ ಎಲ್ಲೂ ಇಲ್ಲ. ತಮ್ಮ ಫಲಿತಾಂಶ ಬದಲಾಗುವುದಿಲ್ಲ, ಅವನ ತಂಡ ಆಗಲೇ ವಿಮಾನ ಹತ್ತಿದೆ. ಗಾಜು ಕೂರಿಸುವವನ ಪತ್ರಕ್ಕೆ ಎಷ್ಟು ಬೆಲೆ ಎಂಬುದೂ ನನಗೆ ಗೊತ್ತು. ಆದರೂ ಬೇಡಿಕೆ ಒಂದಿದೆ. ಮುಂದಿನ ಸಲ ಮೈಕಿನ ಮುಂದೆ ಕೂತಾಗ ‘ಆ ಇಪ್ಪತ್ತೆರಡು ನಿಮಿಷ ನಾವು ಆಡಲಿಲ್ಲ, ಅದು ತಪ್ಪು’ ಎಂದು ಒಂದೇ ಒಂದು ಸಾಲು ಹೇಳಿ. ಕುಣಿದದ್ದಕ್ಕೆ ಅವನ ಕ್ಷಮೆಯನ್ನು ನಾನೇ ಕೇಳಿಕೊಳ್ಳುತ್ತೇನೆ, ಅದರ ಹೊರೆ ತಮಗೆ ಬೇಡ. ತಮ್ಮ ಆ ಸಾಲು ಸೋಮವಾರದೊಳಗೆ ಬಂದರೆ ಅವನ ಬಾಗಿಲು ತಟ್ಟಲು ನನಗೊಂದು ನೆಪ ಸಿಗುತ್ತದೆ. ಬರದಿದ್ದರೂ ತಟ್ಟುತ್ತೇನೆ. ಅವನು ಬಾಗಿಲು ತೆರೆದರೆ ಏನು ಹೇಳಬೇಕೆಂದು ಮಾತ್ರ ನನಗೆ ತಿಳಿಯುತ್ತಿಲ್ಲ.

ಇಂತಿ,
ತಮ್ಮ ಕೃಪೆಯಿಂದ ಎರಡನೆಯ ಸುತ್ತಿಗೆ ಅರ್ಹನಾಗಿ,
ಜೊತೆಗಾರನನ್ನು ಕಳೆದುಕೊಂಡ ಅಭಿಮಾನಿ